ಏಣಿ ಹತ್ತದೆ ಬಳಿದ ಗೋಡೆ

ಮೂರನೆಯ ರೊಟ್ಟಿಯನ್ನು ಅನ್ನವ್ವ ಅರ್ಧ ತಟ್ಟಿದ್ದಳು. ಮೇಲಿನಿಂದ ಒಂದು ಸುಣ್ಣದ ಹಕ್ಕಳೆ ಉದುರಿ ರೊಟ್ಟಿಯ ನಟ್ಟನಡುವೆ ಬಿತ್ತು. ಅವಳು ಉಗುರಿನಿಂದ ಅದನ್ನು ಎತ್ತಿ ಒಲೆಗೆ ಎಸೆದು ಮತ್ತೆ ತಟ್ಟತೊಡಗಿದಳು.

ಎದುರಿಗೆ ಕೂತು ಉಣ್ಣುತ್ತಿದ್ದ ಗಂಡ ಈರಪ್ಪ ಸುಮ್ಮನಿರುವ ಆಸಾಮಿಯಲ್ಲ.

"ಇವತ್ತೂ ಸುಣ್ಣಾ ಬಿತ್ತೇನ? ಹಂಗಾರ ಎರಡ ಎಲಿ, ಒಂದ ಅಡಕಿ ಕೊಟ್ಟಬಿಡು. ಊಟದಾಗ ಎಲಿ ಹಾಕ್ಕೊಳ್ಳೂದೂ ಮುಗದಹೋಗಲಿ."

"ಸುಮ್ಮನ ಉಣ್ರಿ."

"ಉಣ್ಣಾಕತ್ತೇನಲ್ಲ. ಊರಮಂದಿ ಮನಿಗೆಲ್ಲಾ ಸುಣ್ಣಾ ಬಳದಾಕಿ ಮನಿ ನೋಡು! ಗ್ವಾಡಿಗೆ ಬೆನ್ನ ಹಚ್ಚಿ ಎದ್ದರ ವಿಭೂತಿ ಬಳಕೊಂಡ ಸ್ವಾಮಿಗೋಳ ಆಗತೀನಿ. ಮೊನ್ನಿ ಸಂತಿಯೊಳಗ ಒಬ್ಬಾಕಿ ಕೈಮುಗದ್ಲು."

ಅನ್ನವ್ವನಿಗೆ ನಗು ಬಂತು. ಆದರೆ ತಲೆಯೆತ್ತಿ ಆ ಗೋಡೆಯನ್ನು ನೋಡಿದ ಕೂಡಲೇ ನಗು ಅಲ್ಲಿಯೇ ನಿಂತಿತು.

ಮೊರಬ ಊರಿನ ಆ ಮನೆಯ ಪಡಸಾಲೆ ಹಳೆಯ ಕಾಲದ್ದು. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಜೋಳದ ಚೀಲ. ಗೋಡೆ ಎರಡಾಳು ಎತ್ತರಕ್ಕೂ ಮಿಗಿಲು. ಅದರ ಮೇಲ್ಭಾಗದಲ್ಲಿ ಅರ್ಧ ಬಿಳುಪು, ಅರ್ಧ ಮಸಿ. ಬಿಳುಪು ಮುಗಿಯುವಲ್ಲಿ ಒಂದು ಕುಂಚದ ಎಳೆತ ಓರೆಯಾಗಿ ಕೆಳಕ್ಕೆ ಜಾರಿತ್ತು. ಆರು ವರ್ಷದಿಂದ ಅದು ಹಾಗೆಯೇ ಇತ್ತು. ಅದು ಅವಳ ಅಕ್ಕ ಸಾವಿತ್ರೆವ್ವನ ಕೈ ನಿಂತ ಜಾಗ.

ಅಕ್ಕತಂಗಿಯರಿಬ್ಬರನ್ನೂ ಮೊರಬಕ್ಕೇ ಕೊಟ್ಟಿದ್ದರು. ಇಬ್ಬರೂ ಸುಣ್ಣ ಬಳಿಯುವುದರಲ್ಲಿ ಎತ್ತಿದ ಕೈ. ಸಾವಿತ್ರೆವ್ವ ಏಣಿಯ ಮೇಲೆ, ಅನ್ನವ್ವ ಕೆಳಗೆ. ಯುಗಾದಿ ಬರಲಿ, ದಸರೆ ಬರಲಿ, ರಮಜಾನ ಬರಲಿ, ಅವರನ್ನು ಕರೆಯದ ಓಣಿ ಇರಲಿಲ್ಲ. ಊರಿನ ಮನೆಗಳೆಲ್ಲ ಮುಗಿದ ಮೇಲೆ ತಮ್ಮ ಮನೆ. ಆ ವರ್ಷವೂ ಹಾಗೆಯೇ ಆಯಿತು. ಕೆಳಗೆ ಸುಣ್ಣದ ನೀರು ಚೆಲ್ಲಿ ಸಾರಿಸಿದ ನೆಲ ಜಾರುತ್ತಿತ್ತು. ಏಣಿಯ ಕಾಲು ಸರಿಯಿತು. ಅನ್ನವ್ವ ಹಿಡಿದಳು, ಹಿಡಿತ ಸಾಲಲಿಲ್ಲ. ಸಾವಿತ್ರೆವ್ವನ ತೊಡೆಯ ಎಲುಬು ಮುರಿಯಿತು. ಒಳಗೆ ರಾಡು ಹಾಕಿದರು. ಮಗ ಪ್ರಭು ಬಂದು ತಾಯಿಯನ್ನು ಸಂಶಿಗೆ, ತನ್ನ ಮನೆಗೆ ಕರೆದುಕೊಂಡು ಹೋದ. ಈಗ ಅವಳು ಕೋಲು ಹಿಡಿದು ನಡೆಯುತ್ತಾಳೆ. "ಸುಣ್ಣ" ಎಂದು ಯಾರಾದರೂ ಫೋನಿನಲ್ಲಿ ಅಂದರೆ ಸಾಕು, ಫೋನನ್ನು ಸೊಸೆಯ ಕೈಗೆ ಕೊಟ್ಟು ಎದ್ದುಬಿಡುತ್ತಾಳೆ.

ಅಂದಿನಿಂದ ಅನ್ನವ್ವ ಏಣಿ ಮುಟ್ಟಲಿಲ್ಲ. ಆ ಗೋಡೆಯನ್ನು ಬೇರೆಯವರು ಮುಟ್ಟಲಿಕ್ಕೂ ಬಿಡಲಿಲ್ಲ. ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗತೊಡಗಿದಳು.

ದೇವರ ಫೋಟೋದ ಹಿಂದೆ ಅವಳು ಒಂದು ಪತ್ರ ಸಿಕ್ಕಿಸಿಟ್ಟಿದ್ದಳು. ಎರಡು ವರ್ಷದ ಹಿಂದೆ ಬರೆದದ್ದು. "ಅಕ್ಕಾ, ಕೆಲಸಕ್ಕೆ ತಿರುಗಿ ಬಾ. ಈಗ ಏಣಿ ಹತ್ತುವ ಕೆಲಸ ಇಲ್ಲ" ಎಂದು ಅದರಲ್ಲಿ ಬರೆದಿದ್ದಳು. ಉದ್ದ ಬಿದಿರಿಗೆ ಕುಂಚ ಕಟ್ಟಿ ನೆಲದ ಮೇಲೆಯೇ ನಿಂತು ಬಳಿಯಬಹುದು ಎಂದು ಆಗ ಅವಳಿಗೆ ಅನಿಸಿತ್ತು. ಬರೆದ ಮೇಲೆ ಹಿತ್ತಲ ಗೋಡೆಗೆ ಮಾಡಿ ನೋಡಿದಳು. ಸುಣ್ಣ ಗೋಡೆಗಿಂತ ತಲೆಯ ಮೇಲೆಯೇ ಹೆಚ್ಚು ಬಿತ್ತು. ಬಲಭುಜ ಹದಿನೈದು ದಿನ ಮೇಲೇಳಲಿಲ್ಲ. ಪತ್ರ ಫೋಟೋದ ಹಿಂದೆ ಹೋಯಿತು.

"ಕಳಿಸಿಬಿಡು," ಎಂದು ಈರಪ್ಪ ಎಷ್ಟೋ ಸಲ ಅಂದಿದ್ದ.

"ಅಕ್ಕ ಕೇಳಿದ್ದನ್ನ ನಂಬೂದಿಲ್ಲ, ಓದಿದ್ದನ್ನ ನಂಬತಾಳ. ಸುಳ್ಳ ಬರದ ಹೆಂಗ ಕಳಸಲಿ?" ಎನ್ನುತ್ತಿದ್ದಳು ಅವಳು.

ಕಡೆಯ ರೊಟ್ಟಿ ಹಂಚಿನ ಮೇಲಿದ್ದಾಗ ಹಿಂದಿನ ಓಣಿಯ ಶಬೀನಾ ಬಂದಳು. ಅನ್ನವ್ವ ಇರುವ ಮಹಿಳಾ ಸಂಘದಲ್ಲಿ ಅವಳೂ ಒಬ್ಬಳು. ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಬಣ್ಣದ ಕೆಲಸ ಕಲಿಸುತ್ತಾರೆಂದು ಹತ್ತು ದಿನ ಹೋಗಿ ಬಂದಿದ್ದಳು.

"ಕಾಕೂ, ಮುಂದಿನ ರವಿವಾರ ನಿಮ್ಮ ಗ್ವಾಡಿ ನನಗ ಕೊಡ್ರಿ."

"ಗ್ವಾಡಿ ಕೊಟ್ಟ ನಾವೆಲ್ಲಿ ಇರೂಣು?" ಎಂದ ಈರಪ್ಪ.

"ಬಣ್ಣಾ ಹಚ್ಚಾಕರಿ ಕಾಕಾ! ಏರ್‌ಲೆಸ್ ಸ್ಪ್ರೇ ಯಂತ್ರ ಅಂತ ಬಂದೈತಿ. ಎರಡ ದಿನಾ ಬಾಡಿಗಿಗೆ ತರತೀನಿ. ನೆಲದ ಮ್ಯಾಲ ನಿಂತ ಕಾಕುನೇ ಹೊಡಿಯಲಿ. ಏಣಿ ಬೇಕಾಗಿಲ್ಲ."

ಅನ್ನವ್ವನ ಕಡೆಯ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು.

"ಏಣಿ ಬೇಕಾಗಿಲ್ಲ?" ಎಂದು ಮತ್ತೊಮ್ಮೆ ಕೇಳಿದಳು.

"ಬಂದೂಕಿನಂಥಾ ಹಿಡಿಕಿ ಇರತೈತ್ರಿ. ಅದಕ್ಕೊಂದು ಉದ್ದ ಕೊಳವಿ ಹಚ್ಚತೀವಿ. ಬಕೀಟಿನಾಗಿನ ಬಣ್ಣಾ ಪೈಪಿನಾಗ ಏರಿ, ಕೊಳವಿ ತುದಿಯಿಂದ ಸಣ್ಣ ಹನಿಯಾಗಿ ಗ್ವಾಡಿಗೆ ಬೀಳತೈತಿ."

"ಗೊತ್ತಾತು ಬಿಡು," ಎಂದು ಈರಪ್ಪ ಕೈ ತೊಳೆದ. "ಹತ್ತಿಗೆ ಔಷಧ ಹೊಡಿಯೂ ಪಂಪು. ಮೂವತ್ತ ವರ್ಷ ಬೆನ್ನಿಗೆ ಹಾಕ್ಕೊಂಡ ತಿರಗೇನಿ. ನನಗ ಕಲಸಾಕ ಬರಬ್ಯಾಡ."

"ಅದು ಬ್ಯಾರೆ, ಇದು ಬ್ಯಾರೆರಿ. ಇದರಾಗ ಗಾಳಿ ಇಲ್ಲ. ಮೋಟಾರು ಬಣ್ಣಾನ್ನೇ ಒತ್ತಿ ನೂಕತೈತಿ. ಔಷಧದ ಪಂಪಿಗಿಂತ ಐವತ್ತ ಪಟ್ಟಿಗೂ ಹೆಚ್ಚ ಒತ್ತಡ."

"ಐವತ್ತ ಪಟ್ಟು? ಬಣ್ಣಾ ಗ್ವಾಡಿಗೆ ಹತ್ತತೈತೋ, ಗ್ವಾಡಿ ದಾಟಿ ಮೀರಾಸಾಬನ ಮನಿಗೆ ಹೋಗತೈತೋ?"

ಮೀರಾಸಾಬ ಶಬೀನಾಳ ಮಾವ, ಗಾರೆ ಕೆಲಸದ ಹಳೆಯ ಗೌಂಡಿ, ಈರಪ್ಪನ ಬಾಲ್ಯದ ಗೆಳೆಯ. ಶಬೀನಾ ನಕ್ಕಳು. "ಹೋದರ ಛಲೋನೇ ಆತಲ್ರಿ. ನಮ್ಮ ಮನಿಗೂ ಹತ್ತ ವರ್ಷ ಆತು ಬಣ್ಣಾ ಕಂಡು."

ಈರಪ್ಪ ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅನ್ನವ್ವ ಮಾತ್ರ ಆ ಸಂಜೆಯೇ ಹಂಡೆ ಕೊಡಗಳನ್ನು ಹೊರಗೆ ಸಾಗಿಸತೊಡಗಿದಳು.

ಶುಕ್ರವಾರ, ಶನಿವಾರ ಎರಡೂ ದಿನ ಬರೀ ತಯಾರಿಯೇ ಆಯಿತು. ಮೀರಾಸಾಬ ಬಂದು ಗೋಡೆಯನ್ನು ಅಂಗೈಯಿಂದ ಒರೆಸಿ ಎಲ್ಲರಿಗೂ ತೋರಿಸಿದ. ಅಂಗೈ ಬೆಳ್ಳಗಾಗಿತ್ತು.

"ಹಿಂಗ ಕೈಗೆ ಹತ್ತಿದರ ಮ್ಯಾಲ ಎಂಥಾ ಬಣ್ಣಾ ಹೊಡದರೂ ಮುಂದಿನ ವರ್ಷ ಉದರತೈತಿ," ಎಂದ. "ಮದಲ ಕೆರೀರಿ. ನೀರು ಸಿಂಪಡಿಸಿ ಕೆರೀರಿ, ಧೂಳ ಏಳಬಾರದು. ಬಾಯಿ ಮೂಗಿಗೆ ಮಾಸ್ಕ್ ಕಟ್ಟರಿ. ನನ್ನ ಎದಿಯೊಳಗ ಅರ್ಧ ಮೊರಬದ ಸುಣ್ಣ ಐತಿ, ನಿಮಗ ಬ್ಯಾಡ."

ಉದ್ದ ಕೋಲಿನ ತುದಿಗೆ ಕಬ್ಬಿಣದ ಪಟ್ಟಿ ಕಟ್ಟಿ ಎತ್ತರವನ್ನೂ ನೆಲದಿಂದಲೇ ಕೆರೆದರು. ಬಿರುಕುಗಳಿಗೆ ಪುಟ್ಟಿ ತುಂಬಿದರು. ಗೋಡೆ ತೊಳೆದು ಒಣಗಲು ಬಿಟ್ಟರು. ಅಷ್ಟು ಕೆರೆದರೂ ಆ ಓರೆ ಎಳೆತದ ಗುರುತು ಹೋಗಿರಲಿಲ್ಲ.

ಆಮೇಲೆ ಮುಚ್ಚುವ ಕೆಲಸ ಹಿಡಿದರು. ತೊಲೆಗೆ, ಕಿಟಕಿಗೆ, ಬಾಗಿಲಿಗೆ, ಸ್ವಿಚ್ಚಿಗೆ ಕಾಗದ ಹಾಕಿ ಟೇಪು ಅಂಟಿಸಿದರು. ನೆಲಕ್ಕೆ ತಾಡಪತ್ರಿ ಹಾಸಿದರು. ಈರಪ್ಪನಿಗೆ ತಾಳ್ಮೆ ಮುಗಿಯಿತು.

"ಎರಡ ದಿನಾ ಆತು, ಇನ್ನೂ ಒಂದ ಹನಿ ಬಣ್ಣಾ ಕಾಣಲಿಲ್ಲ. ಯಂತ್ರ ಅಂದರ ಜಲ್ದಿ ಆಗಬೇಕಲ್ಲ?"

"ಹೊಡಿಯೂದು ಒಂದ ತಾಸಿನ ಕೆಲಸರಿ ಕಾಕಾ. ಮುಚ್ಚೂದೇ ದೊಡ್ಡ ಕೆಲಸ," ಎಂದಳು ಶಬೀನಾ. "ಸುಳ್ಳ ಹೇಳಿ ನಿಮ್ಮ ಒಪ್ಪಸಂಗಿಲ್ಲ ನಾನು. ಒಂದ ಸಣ್ಣ ಖೋಲಿ ಇದ್ದರ ರೋಲರ್ ಸಾಕು, ಯಂತ್ರ ತರಬ್ಯಾಡ್ರಿ ಅಂತಿದ್ದೆ. ಆದರ ಇಷ್ಟ ಎತ್ತರದ ಗ್ವಾಡಿ, ಈ ತಗ್ಗು ಉಬ್ಬು, ಈ ತೊಲಿ ಸಂದು ನೋಡ್ರಿ. ಕಾಕುನ ಭುಜಾ ಉಳೀಬೇಕಲ್ರಿ?"

ಅನ್ನವ್ವ ದೇವರ ಫೋಟೋ ಇಳಿಸಿದಳು. ಹಿಂದಿದ್ದ ಪತ್ರವನ್ನು ಕುಬಸದೊಳಗೆ ಇಟ್ಟುಕೊಂಡಳು.

ರವಿವಾರ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಬಣ್ಣ ಹೊಡೆಯುವಾಗ ಮನೆಯಲ್ಲಿ ಬೆಂಕಿ ಇರಬಾರದು ಎಂದು ಶಬೀನಾ ಮೊದಲೇ ಹೇಳಿದ್ದಳು. ತಂದದ್ದೂ ನೀರಿನ ಬಣ್ಣವನ್ನೇ. ಎಣ್ಣೆಬಣ್ಣದ ಹೊಗೆಯಂಥ ತುಂತುರು ಮನೆಯೊಳಗೆ ತುಂಬಿದರೆ ಒಂದು ಕಿಡಿ ಸಾಕು. ಮೂರು ಪಿನ್ನಿನ, ಅರ್ಥಿಂಗ್ ಇರುವ ಪ್ಲಗ್ಗಿಗೇ ಯಂತ್ರ ಹಚ್ಚಿದಳು. ಮೊದಲು ಪೈಪಿನಲ್ಲಿ ಬರೀ ನೀರು ಹರಿಸಿ ನೋಡಿದಳು. ಗೋಡೆಗೆ ಮೊದಲ ಲೇಪವಾಗಿ ಹೋಗಬೇಕಾದ ಪ್ರೈಮರನ್ನು ಬಲೆಯಂಥ ಬಟ್ಟೆಯಲ್ಲಿ ಸೋಸಿ ಬಕೀಟಿಗೆ ಹಾಕಿದಳು.

"ಸೋಸೂದ ತಪ್ಪಿಸಬಾರದು ಕಾಕೂ. ಬಣ್ಣಾ ಹೊರಬರೂ ಮೂತಿ ತೂತು ಸೂಜಿ ಮೊನಿಯಷ್ಟ ಇರತೈತಿ. ಒಂದ ಕೂದಲಾ ಹೋದರೂ ಕಟ್ಟತೈತಿ," ಎಂದು ಹೇಳಿ, ಕಣ್ಣಿಗೆ ಬಣ್ಣ ಸಿಡಿಯದಂತೆ ಹಾಕುವ ಕನ್ನಡಕ ಮರೆತದ್ದು ನೆನಪಾಗಿ ಮನೆಗೆ ಓಡಿದಳು.

ಅನ್ನವ್ವ ಬಕೀಟಿನ ಮುಂದೆ ಒಬ್ಬಳೇ ನಿಂತಳು. ಇಪ್ಪತ್ತು ವರ್ಷ ಅವಳು ಮೊದಲ ಬಕೀಟಿಗೆ ಒಂದು ಹಿಡಿ ಹಳ್ಳುಪ್ಪು, ಒಂದು ಚಿಟಿಕೆ ನೀಲಿ ಹಾಕದೆ ಸುಣ್ಣ ಬಳಿದವಳಲ್ಲ. ಉಪ್ಪು ಹಾಕಿದರೆ ಸುಣ್ಣ ಕೈಗೆ ಹತ್ತುವುದಿಲ್ಲ, ನೀಲಿ ಹಾಕಿದರೆ ಬಿಳುಪಿಗೆ ಹೊಳಪು ಬರುತ್ತದೆ. ಅಕ್ಕ ಕಲಿಸಿದ ಮಾತು. ಇಂಥ ಗೋಡೆಗೆ ಬೋಳು ಬಕೀಟಿನಿಂದ ಶುರು ಮಾಡುವುದೇ? ಅವಳ ಕೈ ತಾನೇ ಉಪ್ಪಿನ ಮಡಕೆಗೆ ಹೋಯಿತು. ಹಾಕಿದಳು, ಕೋಲಿನಿಂದ ತಿರುವಿದಳು, ಯಾರಿಗೂ ಹೇಳಲಿಲ್ಲ.

ಶಬೀನಾ ಬಂದು ಮೋಟಾರು ಹಚ್ಚಿದಳು. ಹೊರಗೆ ತೂಗುಹಾಕಿದ್ದ ಗೊಬ್ಬರದ ಚೀಲಕ್ಕೆ ಹೊಡೆದು ನೋಡಿದಳು. ಒಂದು ಮೊಳ ಚೆನ್ನಾಗಿ ಬಂತು. ಆಮೇಲೆ ತುಂತುರು ಸೀಳಿ ಎರಡು ಗೆರೆಯಾಯಿತು. ಕೊನೆಗೆ ಪಿಸ್ ಎಂದು ನಿಂತೇಬಿಟ್ಟಿತು.

"ಹೋತಲ್ಲ! ನಾ ಹೇಳಿದ್ದಿಲ್ಲಾ?" ಎಂದು ಈರಪ್ಪ ಗೆದ್ದವನಂತೆ ಎದ್ದ.

"ತಡೀರಿ, ಮೋಟಾರು ಬಂದ್ ಮಾಡತೀನಿ," ಎಂದು ಶಬೀನಾ ಹಿಡಿಕೆಯನ್ನು ತಾಡಪತ್ರಿಯ ಮೇಲಿಟ್ಟು ಸ್ವಿಚ್ಚಿನ ಕಡೆ ತಿರುಗಿದಳು. ಅವಸರದಲ್ಲಿ, ಗುಂಡಿ ಒತ್ತದಂತೆ ತಡೆಯುವ ಹಿಡಿಕೆಯ ಕೀಲಿ ಹಾಕುವುದನ್ನು ಮರೆತಳು.

ಅಷ್ಟರೊಳಗೆ ಈರಪ್ಪ ಅದನ್ನು ಎತ್ತಿಕೊಂಡಿದ್ದ. ಹತ್ತಿ ಹೊಲದಲ್ಲಿ ಪಂಪಿನ ಮೂತಿ ಕಟ್ಟಿದಾಗ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ. ಎಡಗೈ ಬೆರಳಿನಿಂದ ಮೂತಿ ಒರೆಸಲು ಹೋದ. ಊದಲು ಬಾಯಿ ಹತ್ತಿರ ತಂದ. ಬಲಗೈ ಬೆರಳು ಗುಂಡಿಯ ಮೇಲಿತ್ತು.

"ಕಾಕಾ, ಬ್ಯಾಡ್ರಿ! ಬೆರಳ ತಗೀರಿ!" ಎಂದು ಶಬೀನಾ ಚೀರಿದಳು.

ಚೀರಾಟ ಮುಗಿಯುವ ಮೊದಲೇ ಅನ್ನವ್ವ ಅಲ್ಲಿದ್ದಳು. ದಿನಕ್ಕೆ ಮೂವತ್ತು ರೊಟ್ಟಿ ತಟ್ಟುವ ಅಂಗೈಯಿಂದ ಅವನ ಮಣಿಕಟ್ಟಿಗೆ ಒಂದೇಟು ಕೊಟ್ಟಳು. ಹಿಡಿಕೆ ತಾಡಪತ್ರಿಯ ಮೇಲೆ ಬಿತ್ತು. ಶಬೀನಾ ಸ್ವಿಚ್ಚು ತೆಗೆದಳು, ಓಡಿ ಬಂದು ಹಿಡಿಕೆಗೆ ಕೀಲಿ ಹಾಕಿದಳು, ಯಂತ್ರದ ತಿರುಗಣೆ ತಿರುಗಿಸಿ ಒಳಗಿನ ಒತ್ತಡ ಇಳಿಸಿದಳು. ಆಮೇಲೆ ಅಲ್ಲಿಯೇ ಕುಸಿದು ಕೂತಳು.

"ತಪ್ಪು ನಂದ. ಕೀಲಿ ಹಾಕಲಾರದ ಕೆಳಗ ಇಡಬಾರದಾಗಿತ್ತು."

"ಏನಾತಬೇ ಇಷ್ಟಕ್ಕ?" ಎಂದ ಈರಪ್ಪ ಮಣಿಕಟ್ಟು ತಿಕ್ಕುತ್ತ. "ಮೂವತ್ತ ವರ್ಷ ಔಷಧದ ಪಂಪಿನ ಮೂತಿ ಊದೇನಿ."

"ಅದನ್ನೂ ಊದಬಾರದ್ರಿ, ಅದು ವಿಷಾ. ಇದರ ಕತಿ ಕೇಳ್ರಿ. ಹುಬ್ಬಳ್ಯಾಗ ನಮಗ ಕಲಸಾವ್ರು ಒಂದ ಬದನಿಕಾಯಿ ತಂದ ಕಟ್ಟಿಗಿಗೆ ಕಟ್ಟಿದ್ರು. ಮೂತಿ ಮುಂದ ಹಿಡದ ಒಮ್ಮೆ ಗುಂಡಿ ಒತ್ತಿದ್ರು. ಬದನಿಕಾಯಿ ಮ್ಯಾಲ ಏನೂ ಇಲ್ಲ, ಸೂಜಿ ಚುಚ್ಚಿದಷ್ಟ ತೂತು. ಆಮ್ಯಾಲ ಕೊಯ್ದ ತೋರಿಸಿದ್ರು."

"ಒಳಗೇನಿತ್ತು?"

"ಎಣಗಾಯಿಗೆ ಮಸಾಲಿ ತುಂಬಿದಂಗ ತೊಟ್ಟಿನತನಕ ಬಣ್ಣಾ ತುಂಬಿತ್ರಿ."

ಈರಪ್ಪ ತನ್ನ ಎಡಗೈ ಬೆರಳು ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ.

"ಬೆರಳಿಗೆ ಹಂಗಾದರ ಮದಲ ನೋವೇ ಆಗಂಗಿಲ್ಲಂತ," ಎಂದಳು ಶಬೀನಾ. "ಸಣ್ಣ ಚುಕ್ಕಿ, ಪಟ್ಟಿ ಸುತ್ತಿದರಾತು ಅಂತ ಮಂದಿ ಮನ್ಯಾಗ ಕೂಡತಾರ. ಒಳಗ ಬಣ್ಣಾ ನರಾ ಹಿಡಕೊಂಡ ಏರತೈತಿ. ಬೆರಳೇ ತಗೀಬೇಕಾಗತೈತಿ. ಅದಕ್ಕ ಚುಕ್ಕಿ ಎಷ್ಟ ಸಣ್ಣದಿದ್ದರೂ ಆ ಕ್ಷಣಕ್ಕ ದೊಡ್ಡ ದವಾಖಾನಿಗೆ ಹೋಗಬೇಕು. ಒತ್ತಡದ ಬಣ್ಣ ಚರ್ಮದೊಳಗ ಹೋಗೇತಿ ಅಂತ ಡಾಕ್ಟರಿಗೆ ಬಾಯಿಬಿಟ್ಟ ಹೇಳಬೇಕು."

ಅನ್ನವ್ವನ ಕಣ್ಣು ಗೋಡೆಯ ಮೇಲಿತ್ತು. ಆರು ವರ್ಷದ ಹಿಂದೆ ಅಕ್ಕನ ಕಾಲು, ಇವತ್ತು ಗಂಡನ ಕೈ. ಈ ಗೋಡೆ ಇನ್ನೂ ಏನೇನು ಕೇಳುತ್ತದೋ ಎಂದುಕೊಂಡಳು.

ಶಬೀನಾ ಬಕೀಟಿನೊಳಗೆ ಕೋಲು ಆಡಿಸಿ ಎತ್ತಿದಳು. ಪ್ರೈಮರು ಒಡೆದ ಹಾಲಿನಂತೆ ಗಡ್ಡೆಗಡ್ಡೆಯಾಗಿತ್ತು.

"ಇದೇನ ಮೊಸರಾಗೇತಿ? ಸೋಸಿದ್ದೆನಲ್ಲ!"

"ಉಪ್ಪ ಹಾಕೇನಿ," ಎಂದಳು ಅನ್ನವ್ವ ಮೆಲ್ಲಗೆ. "ಹಿಡಿ ಉಪ್ಪು, ಚೂರ ನೀಲಿ. ಕೈ ತಾನ ಹೋತು, ಯವ್ವಾ."

ಬೈಗುಳ ಬರುತ್ತದೆಂದು ಅವಳು ತಲೆ ತಗ್ಗಿಸಿದ್ದಳು. ಬಾಗಿಲಲ್ಲಿ ನಿಂತಿದ್ದ ಮೀರಾಸಾಬ ಗೊಳ್ಳೆಂದು ನಕ್ಕುಬಿಟ್ಟ.

"ಬದನಿಕಾಯಿ ಆತು, ಉಪ್ಪೂ ಆತು. ಖಾರಾ ಒಂದ ಬಾಕಿ ಐತಿ, ಹಾಕಿಬಿಡು ತಂಗೀ!"

ಶಬೀನಾಳೂ ನಕ್ಕಳು. "ಸುಣ್ಣಕ್ಕ ಉಪ್ಪು ಸರಿ ಕಾಕೂ, ಈ ಬಣ್ಣಕ್ಕ ಬ್ಯಾಡ. ಡಬ್ಬಿ ಮ್ಯಾಲ ನೀರು ಎಷ್ಟ ಬೆರಸ್ರಿ ಅಂತ ಬರದಿರತಾರ, ಅಷ್ಟ ಸಾಕು. ಮತ್ತೇನೂ ಹಾಕಬಾರದು."

"ಬಿಡವ್ವಾ," ಎಂದಳು ಅನ್ನವ್ವ. ಕುಬಸದೊಳಗಿನ ಪತ್ರ ಎದೆಗೆ ಚುಚ್ಚುತ್ತಿತ್ತು. "ಯಂತ್ರ ವಾಪಸ್ ಕೊಟ್ಟಬಿಡು. ಈ ಗ್ವಾಡಿ ನನ್ನ ಕೈಲೆ ಮುಗಿಯೂದಲ್ಲ. ಅಕ್ಕಗ ಬರದದ್ದೂ ಸುಳ್ಳೇ ಆತು."

ಆಗ ಮಾತಾಡಿದವನು ಈರಪ್ಪ.

"ಯಂತ್ರದ್ದೇನ ತಪ್ಪೈತಿ?" ಎಂದ. ಇನ್ನೂ ಬೆರಳು ತಿಕ್ಕುತ್ತಲೇ ಇದ್ದ. "ನೀ ಉಪ್ಪ ಹಾಕಿದಿ, ನಾ ಬೆರಳ ಹಾಕಿದೆ. ಇಬ್ಬರೂ ನಮಗೆಲ್ಲಾ ಗೊತ್ತೈತಿ ಅಂತ ಮಾಡಿದ್ವಿ. ಇನ್ನೊಂದ ಡಬ್ಬಿ ಐತಿಲ್ಲೋ? ಶಬೀನಾ ಹೇಳಿದಂಗ ಮಾಡೂಣು. ನಾ ಸೋಸತೀನಿ. ಕೊಡು ಆ ಬಟ್ಟಿ."

ಮೀರಾಸಾಬ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. "ಇವತ್ತ ಮಳಿ ಬರತೈತೋ ಏನೋ!" ಎಂದ.

ಕೆಟ್ಟ ಬಕೀಟನ್ನು ಬದಿಗಿಟ್ಟರು. ಮೋಟಾರು ನಿಂತು, ಒತ್ತಡ ಇಳಿದು, ಹಿಡಿಕೆಗೆ ಕೀಲಿ ಬಿದ್ದ ಮೇಲೆಯೇ ಶಬೀನಾ ಮೂತಿಯನ್ನೂ ಒಳಗಿನ ಜಾಳಿಗೆಯನ್ನೂ ಬಿಚ್ಚಿದಳು. ಸಣ್ಣ ಬ್ರಷ್ಷಿನಿಂದ ನೀರಿನಲ್ಲಿ ತೊಳೆದಳು. ಪೈಪಿನಲ್ಲಿ ಸ್ವಚ್ಛ ನೀರು ಬರುವತನಕ ಹರಿಸಿದಳು. ಹೊಸ ಡಬ್ಬಿಯನ್ನು ಈರಪ್ಪ ಒಂದಲ್ಲ, ಎರಡು ಸಲ ಸೋಸಿದ.

ಅನ್ನವ್ವನಿಗೆ ಮಾಸ್ಕ್, ಕನ್ನಡಕ, ಕೈಗವಸು ಹಾಕಿದರು. ತಲೆಗೆ ಬಟ್ಟೆ ಕಟ್ಟಿದರು. ಹೊರಗಿನ ಚೀಲದ ಮೇಲೆ ಮೊದಲು ಅವಳು ಕೈ ಪಳಗಿಸಬೇಕಿತ್ತು. ಗುಂಡಿ ಒತ್ತಿದಳು, ತುಂತುರು ಬೀಸಣಿಕೆಯಂತೆ ಹರಡಿತು. ಕೈಯನ್ನು ಅತ್ತಿಂದಿತ್ತ ಬೀಸಿದಳು. ನಡುವೆ ದಪ್ಪವಾಗಿ ಸೋರಿತು, ಎರಡೂ ಬದಿಗೆ ತೆಳ್ಳಗಾಯಿತು.

"ಬೀಸಬಾರದು ಕಾಕೂ. ಗ್ವಾಡಿಯಿಂದ ಒಂದ ಅಡಿ ದೂರ ಇರಲಿ, ಈ ತುದಿಯಿಂದ ಆ ತುದಿತನಕ ಅಷ್ಟೇ ದೂರ ಇರಬೇಕು."

ಇನ್ನೊಮ್ಮೆ ಮಾಡಿದಳು. ಈ ಸಲ ಸಾಲಿನ ಎರಡೂ ತುದಿಗೆ ಬಣ್ಣ ಗುಡ್ಡೆಯಾಗಿ ಇಳಿಯಿತು. ಶಬೀನಾ ಹೇಗೆ ತಿಳಿಸಿ ಹೇಳಲಿ ಎಂದು ಮಾತು ಹುಡುಕುತ್ತಿದ್ದಳು. ಈರಪ್ಪ ಅಷ್ಟೂ ಹೊತ್ತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಲೇ, ತಡೀ ತಡೀ," ಎಂದ. "ಇದು ಔಷಧ ಹೊಡದಂಗ ಅಲ್ಲಬೇ. ಇದು ಕೂರಗಿ ಎಳದಂಗ! ಬಿತ್ತೂ ಮುಂದ ಎತ್ತು ನಡೀಲಾರದ ಬೀಜಾ ಬಿಡತೀವೇನು? ಮದಲ ಎತ್ತು ಹೆಜ್ಜಿ ಇಡಬೇಕು, ಆಮ್ಯಾಲ ಬೀಜಾ. ಬದು ಬಂತಂದರ ಮದಲ ಬೀಜಾ ನಿಲ್ಲಸಬೇಕು, ಆಮ್ಯಾಲ ಎತ್ತು ಹೊಳ್ಳಸಬೇಕು. ಇಲ್ಲಂದರ ಬದುವಿನಾಗ ಬೀಜಾ ಗುಂಪಿ ಬೀಳತಾವು. ಕೈ ಮದಲ ನಡೀಲಿ, ಆಮ್ಯಾಲ ಒತ್ತು. ತುದಿ ಬರೂ ಮದಲ ಬಿಡು."

ಶಬೀನಾ ಬೆರಗಾದಳು. "ಕಾಕಾ, ಹತ್ತ ದಿನದಾಗ ಕಲಿಸಿದ್ದನ್ನ ಒಂದ ಮಾತಿನಾಗ ಹೇಳಿಬಿಟ್ರಲ್ರಿ! ಒಂದ ಫರಕು ಐತಿ. ಬಿತ್ತಿಗಿಯೊಳಗ ಸಾಲಿನ ನಡಕ ಜಾಗಾ ಬಿಡತೀರಿ, ಇಲ್ಲೆ ಹಿಂದಿನ ಸಾಲಿನ ಅರ್ಧದ ಮ್ಯಾಲ ಮುಂದಿನ ಸಾಲು ಬರಬೇಕು."

"ಗೊತ್ತಾತು," ಎಂದಳು ಅನ್ನವ್ವ ಮಾಸ್ಕಿನೊಳಗಿಂದ. ಈಗ ನಿಜಕ್ಕೂ ಗೊತ್ತಾಗಿತ್ತು. ಮೂರನೆಯ ಸಾಲು ಹಾಸಿದ ಬಟ್ಟೆಯಂತೆ ಒಂದೇ ಸಮ ಬಂತು.

ಪಡಸಾಲೆಯ ಬಾಗಿಲು, ಕಿಟಕಿ ತೆರೆದರು. ತುಂತುರು ಹಾರಬಾರದೆಂದು ಫ್ಯಾನು ಹಚ್ಚಲಿಲ್ಲ. ಹಿಡಿಕೆಗೆ ಉದ್ದ ಕೊಳವೆ ಸೇರಿಸಿದರು. ಅನ್ನವ್ವ ಗೋಡೆಯ ಮುಂದೆ ನಿಂತಳು. ಕಾಲ ಕೆಳಗೆ ಏಣಿಯ ಮೆಟ್ಟಿಲು ಇರಲಿಲ್ಲ, ಗಟ್ಟಿ ನೆಲ ಇತ್ತು. ಕೊಳವೆ ಎತ್ತಿದಳು. ಆ ಓರೆ ಎಳೆತದ ಹತ್ತಿರ ಅವಳ ಕೈ ಒಂದು ಗಳಿಗೆ ತಡೆಯಿತು. ಅಲ್ಲಿಯತನಕ ಬಳಿದದ್ದು ಅಕ್ಕ.

"ಅಕ್ಕಾ, ಇಲ್ಲಿಂದ ಮುಂದ ನಾ ಬಳೀತೇನಿ," ಎಂದಳು. ಮಾಸ್ಕ್ ಇದ್ದುದರಿಂದ ಯಾರಿಗೂ ಕೇಳಲಿಲ್ಲ.

ಕೈ ಮೊದಲು ನಡೆಯಿತು, ಆಮೇಲೆ ಬೆರಳು ಒತ್ತಿತು. ಸರ್ರ್ ಎಂದು ಬಿಳಿಯ ಸಾಲು ಈ ತೊಲೆಯಿಂದ ಆ ತೊಲೆಗೆ ಓಡಿತು. ಅದರ ಅರ್ಧದ ಮೇಲೆ ಇನ್ನೊಂದು ಸಾಲು, ಆಮೇಲೆ ಮತ್ತೊಂದು. ತಗ್ಗು ಉಬ್ಬಿನೊಳಗೂ ಬಣ್ಣ ಹೊಕ್ಕಿತು. ಸಂದು ಬಿಟ್ಟಲ್ಲಿ ಶಬೀನಾ ಹಿಂದಿನಿಂದ ಕೋಲಿನ ರೋಲರಿನಿಂದ ಹಸಿಯಿದ್ದಾಗಲೇ ಒತ್ತಿದಳು. ನಡುವೆ ಒಮ್ಮೆ ಮೂತಿ ಕಟ್ಟಿತು. ಅನ್ನವ್ವ ಯಾರನ್ನೂ ಕರೆಯಲಿಲ್ಲ. ಕೀಲಿ ಹಾಕಿದಳು, ಮೂತಿಯನ್ನು ಹಿಂದುಮುಂದಾಗಿ ತಿರುವಿದಳು, ಕೀಲಿ ತೆಗೆದು ಖಾಲಿ ಬಕೀಟಿಗೆ ಒಮ್ಮೆ ಹೊಡೆದಳು. ಕಟ್ಟಿದ್ದು ಹಾರಿಹೋಯಿತು. ಮತ್ತೆ ಕೀಲಿ ಹಾಕಿ ಮೂತಿಯನ್ನು ಮೊದಲಿನಂತೆ ತಿರುವಿದಳು. ಈರಪ್ಪ ಆ ಹೊತ್ತಿನಲ್ಲಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಹಿಂದೆ ಅಕ್ಕತಂಗಿ ಇಬ್ಬರಿಗೂ ಒಂದು ದಿನ ಪೂರ್ತಿ ಹಿಡಿಯುತ್ತಿದ್ದ ಗೋಡೆ ಊಟದ ಹೊತ್ತಿಗೆ ಮುಗಿದಿತ್ತು. ಪ್ರೈಮರು ಒಣಗಿದ ಮೇಲೆ ಕೆನೆಬಣ್ಣ ಹೊಡೆದರು. ಸಂಜೆಯ ಬಿಸಿಲು ಕಿಟಕಿಯಿಂದ ಬಂದು ಗೋಡೆಯ ತುಂಬ ಬಿತ್ತು. ಓರೆ ಎಳೆತ ಎಲ್ಲಿತ್ತೆಂದು ಹುಡುಕಿದರೂ ಸಿಗುವಂತಿರಲಿಲ್ಲ.

ಮೀರಾಸಾಬ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ. ನಲವತ್ತು ವರ್ಷದ ಗೌಂಡಿಯ ಕಣ್ಣು ಅದು.

"ಅಗದಿ ಬರೋಬರಿ ಐತಿ," ಎಂದ. "ಮುಂದಿನ ವಾರ ನಮ್ಮ ಮನಿ. ಈರಪ್ಪಾ, ನೀ ಸೋಸಾಕ ಬಾ. ನಿನಗ ಹಗರ ಕೆಲಸಾ ಅದ."

"ಬರತೀನಿ. ಬದನಿಕಾಯಿ ಮಾಡಸಬ್ಯಾಡ ಅಷ್ಟ," ಎಂದ ಈರಪ್ಪ.

ದಣಿವಾಗಿದೆ, ಯಂತ್ರವನ್ನು ನಾಳೆ ತೊಳೆಯೋಣ ಎಂದು ಅನ್ನವ್ವ ಅನ್ನಲಿಲ್ಲ. ಒಣಗಿದ ಬಣ್ಣ ಪೈಪಿನೊಳಗೆ ಕಲ್ಲಾಗುತ್ತದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುಣ್ಣದ ಕುಂಚವನ್ನು ಒಂದು ದಿನವೂ ಹಸಿಯಾಗಿ ಬಿಟ್ಟವಳಲ್ಲ ಅವಳು. ತೊಳೆದ ನೀರನ್ನು ಗಟಾರಕ್ಕಾಗಲಿ, ದನ ಕುಡಿಯುವಲ್ಲಿಗಾಗಲಿ ಬಿಡಲಿಲ್ಲ. ಹಿತ್ತಲ ಮೂಲೆಯಲ್ಲಿ ಹಳೆಯ ಬಕೀಟಿನಲ್ಲಿ ತಿಳಿಯಾಗಲು ಇಟ್ಟಳು. ಎರಡು ಭುಜಗಳನ್ನೂ ಮೇಲೆತ್ತಿ ನೋಡಿದಳು. ಎರಡೂ ಎದ್ದವು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಎತ್ತರದ ಗೋಡೆ ಇದ್ದೀತು. ಹಬ್ಬ ಬಂತೆಂದು ಜಾರುವ ನೆಲದ ಮೇಲೆ ಏಣಿ ನಿಲ್ಲಿಸಿ ತಾಯಿಯನ್ನೋ ಮಗಳನ್ನೋ ಹತ್ತಿಸಬೇಡಿ. ನಿಮ್ಮ ಸಂಘದಲ್ಲಿ ಕೇಳಿ, ನಾಲ್ಕು ಮನೆಯವರು ಕೂಡಿ ಯಂತ್ರವನ್ನು ಬಾಡಿಗೆಗೆ ತನ್ನಿ. ಆದರೆ ಕಲಿತವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳದೆ ಅದನ್ನು ಮುಟ್ಟಬೇಡಿ. ಕೆರೆಯುವುದು, ಮುಚ್ಚುವುದು, ಸೋಸುವುದು ಇವು ಮೂರರಲ್ಲಿ ಬೇಸರ ಬೇಡ. ಮೂತಿಯ ಮುಂದೆ ಕೈ, ಬಾಯಿ, ಕಣ್ಣು ಎಂದೂ ಬೇಡ. ಕೈಯಿಂದ ಕೆಳಗಿಡುವ ಮೊದಲು ಕೀಲಿ ಹಾಕಿ, ಬಿಚ್ಚುವ ಮೊದಲು ಒತ್ತಡ ಇಳಿಸಿ. ಮಕ್ಕಳನ್ನು ಹತ್ತಿರ ಸುಳಿಯಗೊಡಬೇಡಿ. ಹಳೆಯ ರೂಢಿ ಹಳೆಯ ಕೆಲಸಕ್ಕೆ ಸರಿ. ಹೊಸ ಕೆಲಸ ಬಂದಾಗ ಒಮ್ಮೆ ಕೇಳಿ ತಿಳಿದುಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಈರಪ್ಪನ ಮರ್ಯಾದೆ ಹೋಗಲಿಲ್ಲ, ಅವನ ಬೆರಳು ಉಳಿಯಿತು.

ಸೋಮವಾರ ಬೆಳಿಗ್ಗೆ ಯಂತ್ರ ಹುಬ್ಬಳ್ಳಿಗೆ ಹೊರಟಿತು. ಅನ್ನವ್ವ ಪತ್ರ ಬಿಚ್ಚಿದಳು. ಎರಡು ವರ್ಷದ ಮಡಿಕೆಗೆ ಅಕ್ಷರಗಳು ಅಲ್ಲಲ್ಲಿ ಮಾಸಿ ಹೋಗಿದ್ದವು. ಅದರಲ್ಲಿ ಅವಳು ಒಂದು ಮಾತನ್ನೂ ಹೊಡೆದುಹಾಕಲಿಲ್ಲ, ಏಕೆಂದರೆ ಒಂದೂ ಈಗ ಸುಳ್ಳಾಗಿರಲಿಲ್ಲ. ಕೆಳಗೆ ಇನ್ನಷ್ಟು ಬರೆದಳು: "ನೀನು ಬಿಟ್ಟ ಗೋಡೆ ನಿನ್ನೆ ಮುಗಿಯಿತು. ನೆಲದ ಮೇಲೆ ನಿಂತೇ ಬಳಿದೆ. ಮುಂದಿನ ವಾರ ಮೀರಾಸಾಬ ಅಣ್ಣನ ಮನೆ ಇದೆ. ನೀನು ಕುರ್ಚಿ ಹಾಕಿಕೊಂಡು ಕೂತು ಎಲ್ಲಿ ಸಂದು ಬಿಟ್ಟಿದೆ ಎಂದು ಹೇಳು ಸಾಕು. ನಿನ್ನ ಕಣ್ಣಿನಂಥ ಕಣ್ಣು ಈ ಊರಲ್ಲಿ ಇನ್ನೊಂದಿಲ್ಲ. ಉಪ್ಪಿನ ಮಡಕೆಯ ಹತ್ತಿರ ಮಾತ್ರ ಹೋಗಬೇಡ, ಬಂದಾಗ ಹೇಳುತ್ತೇನೆ."

ಅಂಟು ಸಿಗಲಿಲ್ಲ. ಈರಪ್ಪ ಎರಡು ಅಗುಳು ಅನ್ನ ತಂದು ಬೆರಳಿನಿಂದ ಒತ್ತಿ ಪತ್ರದ ಬಾಯಿ ಮುಚ್ಚಿದ.

"ನೋಡು," ಎಂದ, "ಬೆರಳು ಎಂಥಾ ಕೆಲಸಕ್ಕ ಉಳದೈತಿ."

ಇಬ್ಬರೂ ಬಸ್ ನಿಲ್ದಾಣದತನಕ ನಡೆದರು. ಕೆಂಪು ಅಂಚೆಡಬ್ಬಿಯ ಬಾಯಿಗೆ ಅನ್ನವ್ವ ಪತ್ರ ಇಟ್ಟಳು, ಒಂದು ಗಳಿಗೆ ಹಿಡಿದಳು, ಬಿಟ್ಟಳು. ಅದು ತಳಕ್ಕೆ ಬಿದ್ದ ಸಪ್ಪಳ ಕೇಳಿದ ಮೇಲೆಯೇ ಅವಳು ಮನೆಯ ಕಡೆ ತಿರುಗಿದಳು.